ಕಂದಾಯದ ದರ, ನ್ಯಾಯಾಲಯದ ಅಧಿಕಾರ: ಎರಡು ಪ್ರೆಸಿಡೆನ್ಸಿಗಳ ನಡುವೆ ಕೆನರಾದ ವರ್ಗದಾರ

1862ನೆಯ ವರ್ಷವನ್ನು ಕೆನರಾದ ಇತಿಹಾಸದಲ್ಲಿ ಎರಡು ಕಾರಣಗಳಿಗಾಗಿ ನೆನೆಯಬೇಕು. ಆ ವರ್ಷ ಜಿಲ್ಲೆಯ ಉತ್ತರಭಾಗವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರೆಸಿಡೆನ್ಸಿಗೆ ಸೇರಿಸಲಾಯಿತು; ಕುಂದಾಪುರದಿಂದ ತೆಂಕಲಾಗಿ ಕಾಸರಗೋಡಿನವರೆಗಿನ ನಾಡು ಮದ್ರಾಸಿನಲ್ಲಿಯೇ ಉಳಿಯಿತು. ಅದೇ ವರ್ಷ ಮುಂಬಯಿ ಮತ್ತು ಮದ್ರಾಸುಗಳಲ್ಲಿ ಹೈಕೋರ್ಟುಗಳು ಸ್ಥಾಪನೆಯಾದವು. ಮೊದಲನೆಯ ಸಂಗತಿ ಗಡಿನಾಡಿನ ಚರ್ಚೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಎರಡನೆಯದನ್ನು ಅದರ ಪಕ್ಕದಲ್ಲಿಟ್ಟು ನೋಡಿದಾಗ ಬೇರೊಂದು ಪ್ರಶ್ನೆ ಏಳುತ್ತದೆ. ಸರ್ಕಾರ ವಿಧಿಸಿದ ಕಂದಾಯ ಅನ್ಯಾಯವೆಂದು ಕಂಡಾಗ ಕಾರವಾರದ ಭೂಮಾಲಿಕನಾಗಲಿ ಕಾಸರಗೋಡಿನ ಭೂಮಾಲಿಕನಾಗಲಿ ಯಾರ ಮುಂದೆ ಹೋಗಿ ನಿಲ್ಲಬಹುದಾಗಿತ್ತು? ಇಬ್ಬರ ಹಿಡುವಳಿಯೂ ಒಂದೇ ಬಗೆಯದು; ಇಬ್ಬರೂ ಆಧಾರವೆಂದು ಮುಂದಿಡಬಹುದಾಗಿದ್ದದ್ದು 1800ರ ಅದೇ ಬರಹಗಳನ್ನು. ಆದರೂ 1864ರಿಂದ 1876ರವರೆಗಿನ ಹನ್ನೆರಡು ವರ್ಷ ಇವರಲ್ಲಿ ಒಬ್ಬನಿಗೆ ನ್ಯಾಯಾಲಯದ ಬಾಗಿಲು ತೆರೆದಿತ್ತು, ಇನ್ನೊಬ್ಬನಿಗೆ ಮುಚ್ಚಿತ್ತು. ಈ ಅಂತರ ಹೇಗೆ ಉಂಟಾಯಿತು, ಬಾಗಿಲು ಮುಚ್ಚಿದಾಗ ನಷ್ಟವಾದದ್ದು ಏನು ಎಂಬುದು ಈ ಲೇಖನದ ವಿಷಯ.

ಕಂದಾಯದ ವಿಷಯದಲ್ಲಿ ನ್ಯಾಯಾಲಯ ಕೈಹಾಕಬಾರದೆಂಬ ವಿಚಾರ ಹುಟ್ಟಿದ್ದು ಕಲ್ಕತ್ತೆಯಲ್ಲಿ. 1774ರಲ್ಲಿ ಅಲ್ಲಿ ಸ್ಥಾಪಿತವಾದ ರಾಜಮುದ್ರೆಯ ಸುಪ್ರೀಂ ಕೋರ್ಟಿಗೂ ವಾರನ್ ಹೇಸ್ಟಿಂಗ್ಸನ ಮಂಡಲಿಗೂ ಕೆಲವೇ ವರ್ಷಗಳಲ್ಲಿ ಜಗಳ ಹತ್ತಿಕೊಂಡಿತು. ಕಾಸಿಜೋರಾ ಪ್ರಕರಣದಲ್ಲಿ ಕೋರ್ಟಿನ ಆಜ್ಞೆಯನ್ನು ಜಾರಿಮಾಡಲು ಹೋದವರನ್ನು ಕಂಪನಿಯ ಸಿಪಾಯಿಗಳೇ ಹಿಡಿದುಹಾಕುವ ಮಟ್ಟಕ್ಕೆ ಅದು ಬೆಳೆಯಿತು. 1781ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆಯೊಂದರ ಮೂಲಕ ಇದನ್ನು ಬಗೆಹರಿಸಿತು: ಕಂದಾಯಕ್ಕೆ ಸಂಬಂಧಿಸಿದ ಯಾವ ವಿಷಯದಲ್ಲಿಯೂ, ದೇಶದ ರೂಢಿಗೆ ಅಥವಾ ಮಂಡಲಿಯ ನಿಯಮಗಳಿಗೆ ಅನುಸಾರವಾಗಿ ನಡೆದ ವಸೂಲಿಯ ಕುರಿತು, ಸುಪ್ರೀಂ ಕೋರ್ಟಿಗೆ ಅಧಿಕಾರವಿಲ್ಲ. ಮದ್ರಾಸ್ ಮತ್ತು ಮುಂಬಯಿಯ ಸುಪ್ರೀಂ ಕೋರ್ಟುಗಳಿಗೂ ಮುಂದೆ ಇದೇ ಕಟ್ಟು ಬಿತ್ತು. ಅದರ ಬಲ ಎಷ್ಟೆಂಬುದನ್ನು ಮುಂಬಯಿಯ ಸ್ಪೂನರ್ ಮತ್ತು ಜುಡ್ಡೋ ಪ್ರಕರಣ ತೋರಿಸಿತು. ಕಲೆಕ್ಟರನು ಕಂದಾಯವೆಂದು ಪ್ರಾಮಾಣಿಕವಾಗಿ ನಂಬಿ ಜಪ್ತಿ ಮಾಡಿದ್ದರೆ, ಆ ಕಂದಾಯ ವಾಸ್ತವವಾಗಿ ಬಾಕಿಯಿರದಿದ್ದರೂ ಕೋರ್ಟು ವಿಚಾರಿಸುವಂತಿಲ್ಲವೆಂದು ಪ್ರಿವಿ ಕೌನ್ಸಿಲ್ ಹೇಳಿತು.

ಆದರೆ ಈ ನಿರ್ಬಂಧವಿದ್ದದ್ದು ಪ್ರೆಸಿಡೆನ್ಸಿ ನಗರಗಳ ರಾಜನ್ಯಾಯಾಲಯಗಳಿಗೆ. ಜಿಲ್ಲೆಗಳಲ್ಲಿದ್ದ ಕಂಪನಿಯ ಅದಾಲತ್ತುಗಳ ಕಥೆ ಬೇರೆ. 1793ರಲ್ಲಿ ಕಾರ್ನ್‌ವಾಲಿಸ್ ಬಂಗಾಳದ ಮಾಲ್ ಅದಾಲತ್ತುಗಳನ್ನು ರದ್ದುಪಡಿಸಿ, ಕಂದಾಯ ವಸೂಲಿ ಮಾಡುವವನೇ ಅದರ ತಕರಾರನ್ನೂ ತೀರ್ಮಾನಿಸಿದರೆ ಭೂಮಾಲಿಕನಿಗೆ ಯಾವ ಭರವಸೆಯೂ ಇರದೆಂಬ ನೆಲೆಯಲ್ಲಿ ಕಲೆಕ್ಟರನನ್ನು ಸಿವಿಲ್ ನ್ಯಾಯಾಲಯಕ್ಕೆ ಉತ್ತರದಾಯಿಯನ್ನಾಗಿ ಮಾಡಿದನು. 1802ರ ರೆಗ್ಯುಲೇಷನ್ನುಗಳು ಇದೇ ತತ್ತ್ವವನ್ನು ಮದ್ರಾಸಿಗೆ ತಂದವು. ಹೀಗೆ ಒಂದೇ ಸರ್ಕಾರದ ಅಡಿಯಲ್ಲಿ ನಗರದ ದೊಡ್ಡ ಕೋರ್ಟಿಗೆ ಇಲ್ಲದ ಅಧಿಕಾರ ಜಿಲ್ಲೆಯ ಚಿಕ್ಕ ಕೋರ್ಟಿಗೆ ಇತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೊಟಕುಗೊಂಡದ್ದು ಈ ಎರಡನೆಯ ಅಧಿಕಾರ.

ಕೆನರಾದ ಭೂಮಿಯ ಬಗ್ಗೆ ಇಂಗ್ಲಿಷಿನಲ್ಲಿ ಮೊದಲ ಮುಖ್ಯ ದಾಖಲೆ ಬರೆದವನು ಥಾಮಸ್ ಮನ್ರೋ. ಟಿಪ್ಪುವಿನ ಪತನದ ಬಳಿಕ 1799ರಲ್ಲಿ ಕಲೆಕ್ಟರನಾಗಿ ಬಂದ ಆತ ಇಲ್ಲಿ ಇದ್ದದ್ದು ಒಂದು ವರ್ಷಕ್ಕೆ ತುಸು ಹೆಚ್ಚು ಕಾಲ. ಆ ಅವಧಿಯಲ್ಲಿಯೇ, 1800ರ ಮೇ 31ರಂದು, ಮದ್ರಾಸಿನ ಕಂದಾಯ ಮಂಡಲಿಗೆ ಆತ ಕಳುಹಿಸಿದ ವರದಿ ಮುಂದಿನ ನೂರು ವರ್ಷಗಳ ವಾದಗಳಿಗೆ ಬುನಾದಿಯಾಯಿತು. ಅದರ ಆಕರಗಳು ನಮಗೆ ವಿಶೇಷ ಆಸಕ್ತಿಯವು. ಶಾನುಭೋಗರ ಮನೆಗಳಲ್ಲಿದ್ದ ಕಪ್ಪು ಕಡತಗಳನ್ನು, ಅಂದರೆ ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲು ಬಳಿದು ಬಳಪದಲ್ಲಿ ಬರೆದಿಟ್ಟ ಲೆಕ್ಕಗಳನ್ನು, ಆತ ನೋಡಿಸಿದನು. ಅವುಗಳ ಮೇಲೆ ನಿಂತು, ಕೆನರಾದಲ್ಲಿ ಭೂಮಿ ಖಾಸಗಿ ಸ್ವತ್ತು, ಆ ಸ್ವಾಮ್ಯ ಯಾವ ಅರಸು ಕೊಟ್ಟದ್ದೂ ಅಲ್ಲದಷ್ಟು ಹಳೆಯದು ಎಂಬ ನಿರ್ಣಯಕ್ಕೆ ಬಂದನು. ವಿಜಯನಗರದ ಹರಿಹರನ ಕಾಲದ್ದೆಂದು ಆತ ದಾಖಲಿಸಿದ ಲೆಕ್ಕದಂತೆ ಮೂವತ್ತು ಪಾಲು ಹುಟ್ಟುವಳಿಯಲ್ಲಿ ಹದಿನೈದು ಬೇಸಾಯಗಾರನಿಗೆ, ಏಳೂವರೆ ಭೂಮಾಲಿಕನಿಗೆ. ಉಳಿದ ಏಳೂವರೆಯಲ್ಲಿ ದೇವರ ಮತ್ತು ಬ್ರಾಹ್ಮಣರ ಪಾಲು ಕಳೆದು ಮಿಕ್ಕದ್ದು ಅರಸನಿಗೆ. ಈ ಮೂಲ ಕಂದಾಯವೇ ರೇಖೆ. ಕೆಳದಿಯ ಶಿವಪ್ಪನಾಯಕನ ಶಿಸ್ತು ಆ ಬಳಿಕದ್ದು. ಹೈದರನ ಕಾಲದಿಂದ ಮೇಲೆ ಮೇಲೆ ಸೇರುತ್ತ ಬಂದ ಹೆಚ್ಚುವರಿಗಳಿಗೆ ಶಾಮಿಲು ಎಂಬ ಹೆಸರಾಯಿತು. ಜಮೀನುಗಳ ಲೆಕ್ಕದ ಘಟಕ ವರ್ಗ. ಅದನ್ನು ಹೊಂದಿದವನು ವರ್ಗದಾರ ಅಥವಾ ಮೂಲಿ. ಅವನ ಕೆಳಗೆ ಶಾಶ್ವತ ಗೇಣಿಯ ಮೂಲಗೇಣಿದಾರ, ಅವಧಿಗೇಣಿಯ ಚಾಲಗೇಣಿದಾರ.

ಇಲ್ಲಿ ಒಂದು ವಿಪರ್ಯಾಸವಿದೆ. ಕೆನರಾದ ಭೂಮಾಲಿಕನ ಸ್ವಾಮ್ಯವನ್ನು ಇಷ್ಟು ಗಟ್ಟಿಯಾಗಿ ಬರೆದ ಮನ್ರೋ, ಅದನ್ನು ಕಾಯಬೇಕಾದ ಸಿವಿಲ್ ನ್ಯಾಯಾಲಯಗಳನ್ನು ನೆಚ್ಚಿದವನಲ್ಲ. 1814ರ ನಂತರ ನ್ಯಾಯಾಂಗ ಆಯೋಗದ ಮುಖ್ಯಸ್ಥನಾಗಿ ಆತ ರೂಪಿಸಿದ 1816ರ ರೆಗ್ಯುಲೇಷನ್ನುಗಳು ಮ್ಯಾಜಿಸ್ಟ್ರೇಟರ ಅಧಿಕಾರವನ್ನೂ ಪೊಲೀಸನ್ನೂ ಜಿಲ್ಲಾ ನ್ಯಾಯಾಧೀಶನ ಕೈಯಿಂದ ತೆಗೆದು ಕಲೆಕ್ಟರನಿಗೆ ಒಪ್ಪಿಸಿದವು. ರೈತನನ್ನು ಬಲ್ಲವನು ಕಲೆಕ್ಟರನೇ ಹೊರತು ಕೋರ್ಟಿನ ಇಂಗ್ಲಿಷ್ ನ್ಯಾಯಾಧೀಶನಲ್ಲ ಎಂಬುದು ಆತನ ನಂಬಿಕೆ. ಹಾಗಾಗಿ ಮುಂದೆ ವರ್ಗದಾರರು ಕೋರ್ಟಿನಲ್ಲಿ ಮನ್ರೋನನ್ನು ಸಾಕ್ಷಿಗೆ ಕರೆದಾಗ, ಅವರು ಕರೆದದ್ದು ಅರ್ಧ ಮನ್ರೋನನ್ನು ಮಾತ್ರ.

ನ್ಯಾಯಾಲಯದ ದಾರಿ ಕಾಗದದ ಮೇಲೆ ತೆರೆದಿದ್ದಾಗಲೂ ಜನ ಅದನ್ನೇ ಹಿಡಿದರೆಂದು ತಿಳಿಯಬೇಕಾಗಿಲ್ಲ. 1830-31ರಲ್ಲಿ ಬೆಲೆ ಕುಸಿದು ಕಂದಾಯ ಭಾರವಾದಾಗ ಕೆನರಾದ ರೈತರು ಕೂಟ ಸೇರಿದರು, ಕಂದಾಯ ಕೊಡುವುದನ್ನು ನಿಲ್ಲಿಸಿದರು, ಅರ್ಜಿಗಳನ್ನು ಬರೆದರು. ಡಿಕಿನ್ಸನ್ ಆಗ ಕಲೆಕ್ಟರ್. ಅನಂತರ ನಡೆದ ವಿಚಾರಣೆಯ ಕುರಿತು ಸ್ಟೋಕ್ಸ್ 1833ರಲ್ಲಿ ವರದಿ ಕೊಟ್ಟನು. ಕೂಟಗಳ ಬೇಡಿಕೆ ರಿಯಾಯಿತಿ ಮತ್ತು ಕ್ಷಮೆಯ ಭಾಷೆಯಲ್ಲಿತ್ತು; ಹಕ್ಕಿನ ದಾವೆಯ ಭಾಷೆ ಇನ್ನೂ ಬಂದಿರಲಿಲ್ಲ. ಅದು ಬಂದದ್ದು ನಾಲ್ಕು ದಶಕಗಳ ನಂತರ, ಕಾರವಾರದ ಕಡೆಯಿಂದ.

ಜಿಲ್ಲೆ ಒಡೆದ ಎರಡೇ ವರ್ಷಕ್ಕೆ, 1864ರಲ್ಲಿ, ಮದ್ರಾಸ್ ಸರ್ಕಾರ ಕಂದಾಯ ವಸೂಲಿ ಕಾಯಿದೆಯನ್ನು ತಂದಿತು. ಜಪ್ತಿ, ಹರಾಜು, ನೋಟೀಸುಗಳ ಕ್ರಮವನ್ನು ಹೇಳುವ ಒಣ ಕಾಯಿದೆ ಅದು. ಅದರ 58ನೆಯ ಕಲಮು ಮಾತ್ರ ಬೇರೆ ಜಾತಿಯದು: ಸರ್ಕಾರಕ್ಕೆ ಸಲ್ಲಬೇಕಾದ ಭೂಕಂದಾಯದ ದರದ ಬಗ್ಗೆ ಯಾವ ಸಿವಿಲ್ ನ್ಯಾಯಾಲಯವೂ ಪರಿಶೀಲಿಸಲಾಗಲಿ ತೀರ್ಮಾನಿಸಲಾಗಲಿ ಅಧಿಕಾರ ಹೊಂದಿರುವುದಿಲ್ಲ. ಮುಂದಿನ ಕಲಮು ಇತರ ಅನ್ಯಾಯಗಳಿಗೆ, ಆರು ತಿಂಗಳ ಮಿತಿಯೊಳಗೆ, ದಾವೆಯ ಅವಕಾಶವನ್ನು ಉಳಿಸಿತು. ಹರಾಜಿನ ಕ್ರಮ ತಪ್ಪಿದ್ದರೆ ಮಂಗಳೂರಿನ ಕೋರ್ಟಿಗೆ ಹೋಗಬಹುದಾಗಿತ್ತು; ದರವೇ ತಪ್ಪಾಗಿದ್ದರೆ ಹೋಗುವಂತಿರಲಿಲ್ಲ. ಕಾಸರಗೋಡಿನ ವರ್ಗದಾರನ ಸ್ಥಿತಿ ಇಷ್ಟಕ್ಕೆ ಬಂದು ನಿಂತಿತು.

ಉತ್ತರದಲ್ಲಿ ಈ ಕಲಮು ಇರಲಿಲ್ಲ. ಮುಂಬಯಿ ಸರ್ಕಾರ ತನ್ನ ಸರ್ವೆ ಪದ್ಧತಿಯನ್ನು ಹೊಸದಾಗಿ ಸೇರಿದ ಜಿಲ್ಲೆಗೂ ವಿಸ್ತರಿಸಿ ಕಂದಾಯವನ್ನು ಪರಿಷ್ಕರಿಸಿದಾಗ ಕಾರವಾರದ ಕಡೆಯ ಭೂಮಾಲಿಕರು ವ್ಯಾಜ್ಯ ಹೂಡಿದರು. ವೈಕುಂಠ ಬಾಪೂಜಿ ಮತ್ತು ಮುಂಬಯಿ ಸರ್ಕಾರ ಎಂಬ ಹೆಸರಿನಲ್ಲಿ ವರದಿಯಾದ ಪ್ರಕರಣ ಇವುಗಳಲ್ಲಿ ಪ್ರಸಿದ್ಧವಾದದ್ದು. ವಾದದ ತಿರುಳು ಸರಳ. ಭೂಮಿ ನಮ್ಮದು, ಸರ್ಕಾರದ್ದಲ್ಲ. ಅರಸನಿಗೆ ಸಲ್ಲುವುದು ಗೊತ್ತಾದ ಪಾಲು ಮಾತ್ರ. ಆ ಪಾಲನ್ನು ಹಿಂದಿನ ಸರ್ಕಾರಗಳೂ ಮನ್ರೋನೂ ನಿಗದಿಪಡಿಸಿಯಾಗಿದೆ. ಅದನ್ನು ಇಷ್ಟಬಂದಂತೆ ಏರಿಸುವ ಹಕ್ಕು ಸರ್ಕಾರಕ್ಕಿಲ್ಲ. ಮುಖ್ಯ ನ್ಯಾಯಾಧೀಶ ವೆಸ್ಟ್ರಾಪ್ 1875ರಲ್ಲಿ ಕೊಟ್ಟ ತೀರ್ಪು ಬಹಳ ದೀರ್ಘವಾದದ್ದು. ಹೈಕೋರ್ಟ್ ವರದಿಗಳ ಹನ್ನೆರಡನೆಯ ಸಂಪುಟದ ಅನುಬಂಧದಲ್ಲಿ ಅಚ್ಚಾಗಿರುವ ಅದು ಕಾನೂನಿನ ಬರಹವಾಗಿರುವಷ್ಟೇ ಕೆನರಾದ ಭೂಹಿಡುವಳಿಯ ಇತಿಹಾಸವೂ ಆಗಿದೆ. ವಾದಿ ಸೋತನು. ಸ್ವಾಮ್ಯ ಖಾಸಗಿಯಾಗಿದ್ದರೂ ಕಂದಾಯ ಎಂದೆಂದಿಗೂ ಸ್ಥಿರವೆಂಬ ಮಾತು ಸಿದ್ಧವಾಗಿಲ್ಲ, ಏರಿಸುವ ಅಧಿಕಾರ ಸರ್ಕಾರಕ್ಕೆ ಉಂಟು ಎಂದು ನ್ಯಾಯಾಲಯ ಹೇಳಿತು.

ಸರ್ಕಾರ ಗೆದ್ದ ಮರುವರ್ಷವೇ ಮುಂಬಯಿ ಕಂದಾಯ ನ್ಯಾಯವ್ಯಾಪ್ತಿ ಕಾಯಿದೆ, 1876ರ ಹತ್ತನೆಯ ಕಾಯಿದೆ, ಜಾರಿಗೆ ಬಂದಿತು. ಗೆದ್ದವರು ಬಾಗಿಲು ಮುಚ್ಚಿದ್ದೇಕೆ ಎಂಬುದು ಸಹಜವಾದ ಪ್ರಶ್ನೆ. ಸರ್ಕಾರವನ್ನು ಕಾಡಿದ್ದು ತೀರ್ಪಿನ ಫಲಕ್ಕಿಂತ ವಿಚಾರಣೆ ನಡೆಯಿತೆಂಬ ಸಂಗತಿಯೇ ಎಂದು ನನಗೆ ತೋರುತ್ತದೆ. ಕಂದಾಯದ ಹಕ್ಕನ್ನು ಸರ್ಕಾರ ಪುರಾವೆಯಿಂದ ಸಾಧಿಸಿ ತೋರಿಸಬೇಕಾದ ಸ್ಥಳವೊಂದಿದೆ ಎಂದಾದರೆ, ಇಂದು ಕೆನರಾದಲ್ಲಿ ಗೆದ್ದದ್ದನ್ನು ನಾಳೆ ಧಾರವಾಡದಲ್ಲಿಯೋ ಸೊಲ್ಲಾಪುರದಲ್ಲಿಯೋ ಮತ್ತೆ ಮೊದಲಿನಿಂದ ವಾದಿಸಬೇಕಾದೀತು. ಕಾಯಿದೆಯ 4ನೆಯ ಕಲಮು ಸರ್ಕಾರದ ಒಪ್ಪಿಗೆ ಪಡೆದ ಭೂಕಂದಾಯದ ಮೊತ್ತವನ್ನಾಗಲಿ ಹಂಚಿಕೆಯನ್ನಾಗಲಿ ಆಕ್ಷೇಪಿಸುವ ದಾವೆಗಳನ್ನು ಸಿವಿಲ್ ನ್ಯಾಯಾಲಯಗಳಿಂದ ತೆಗೆದುಹಾಕಿತು. ಉಳಿದ ದಾವೆಗಳಲ್ಲಿಯೂ ಕಂದಾಯ ಅಧಿಕಾರಿಗಳ ಮುಂದಿನ ಎಲ್ಲ ಮೇಲ್ಮನವಿಗಳು ಮುಗಿದ ಮೇಲೆಯೇ ಕೋರ್ಟಿಗೆ ಬರಬೇಕೆಂದು 11ನೆಯ ಕಲಮು ಹೇಳಿತು. 12ನೆಯದು ಇನ್ನೂ ಕುತೂಹಲಕರ: ಹೀಗೆ ಹೊರಗಾದ ಪ್ರಶ್ನೆಗಳಲ್ಲಿ ಯಾವುದಾದರೊಂದರ ಮೇಲೆ ಹೈಕೋರ್ಟಿನ ನಿರ್ಣಯ ಬೇಕೆಂದು ಸರ್ಕಾರ ಬಯಸಿದರೆ ಅದನ್ನು ತಾನೇ ಕೋರ್ಟಿಗೆ ಒಪ್ಪಿಸಬಹುದು. ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಎದುರಾಳಿಯ ಸೊಂಟಕ್ಕೆ ಸಿಕ್ಕಿಸಿದಂತಾಯಿತು.

ಸರ್ಕಾರದ ಪಕ್ಷದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಪ್ರತಿ ಗದ್ದೆಯ ಮಣ್ಣು, ನೀರು, ಮಾರುಕಟ್ಟೆಯ ದೂರ ಇವುಗಳನ್ನು ತೂಗಿ ದರ ಕಟ್ಟುವುದು ಮುನ್ಸೀಫನ ಕೆಲಸವಲ್ಲ. ಹಾಗೆ ಮಾಡಹೊರಟರೆ ಪಕ್ಕಪಕ್ಕದ ಹಳ್ಳಿಗಳಲ್ಲಿ ಬೇರೆ ಬೇರೆ ದರ ಬಂದೀತು. ವಕೀಲರನ್ನಿಡಬಲ್ಲವನ ದರ ಇಳಿದೀತು. ಆದರೆ ವೈಕುಂಠ ಬಾಪೂಜಿ ಪ್ರಕರಣದಲ್ಲಿ ಎದ್ದ ಮುಖ್ಯ ಪ್ರಶ್ನೆ ದರ ಎಷ್ಟಿರಬೇಕೆಂಬುದಾಗಿರಲಿಲ್ಲ. ಏರಿಸುವ ಹಕ್ಕು ಸರ್ಕಾರಕ್ಕೆ ಇದೆಯೇ, ಹಿಂದಿನ ಸರ್ಕಾರ ಕೊಟ್ಟ ಮಾತು ಈಗಿನದನ್ನು ಕಟ್ಟುತ್ತದೆಯೇ ಎಂಬುದು ಅಲ್ಲಿದ್ದ ಪ್ರಶ್ನೆ. ಇದು ದಾಖಲೆಗಳನ್ನು ಓದಿ ತೀರ್ಮಾನಿಸುವಂಥದು, ನ್ಯಾಯಾಲಯದ ನಿತ್ಯದ ಕಸುಬು. 1864ರ ಮತ್ತು 1876ರ ಕಾಯಿದೆಗಳು 'ದರ', 'ಮೊತ್ತ' ಎಂಬ ಮಾತುಗಳ ಮರೆಯಲ್ಲಿ ಹಕ್ಕಿನ ಪ್ರಶ್ನೆಯನ್ನೂ ಸೇರಿಸಿ ನುಂಗಿದವು.

ಕನ್ನಡ ಸಂಶೋಧಕನ ದೃಷ್ಟಿಯಿಂದ ಇನ್ನೊಂದು ನಷ್ಟವೂ ಇದೆ. ಕಂದಾಯದ ಹಕ್ಕು ವಿಚಾರಣೆಗೆ ಬಂದಾಗ ಇತಿಹಾಸ ಪುರಾವೆಯಾಗುತ್ತದೆ. ರೇಖೆ, ಶಿಸ್ತು, ಶಾಮಿಲು, ವರ್ಗ, ಮೂಲಗೇಣಿ ಎಂಬ ಮಾತುಗಳ ಅರ್ಥವನ್ನು ಎರಡೂ ಪಕ್ಷದವರು ಎಳೆದಾಡಬೇಕಾಗುತ್ತದೆ. ಶಾನುಭೋಗನ ಲೆಕ್ಕಕ್ಕೂ ಕಲೆಕ್ಟರನ ಪತ್ರಕ್ಕೂ ಒಂದೇ ತಕ್ಕಡಿ ಸಿಗುತ್ತದೆ. ಇದನ್ನು ಅತಿಯಾಗಿ ಹೊಗಳಬೇಕಾಗಿಲ್ಲ, ಏಕೆಂದರೆ ಕಡತಗಳು ಮುಂಬಯಿ ಹೈಕೋರ್ಟನ್ನು ಮುಟ್ಟಿದ್ದು ಬಹುಮಟ್ಟಿಗೆ ಮನ್ರೋನ ಇಂಗ್ಲಿಷಿನ ಮೂಲಕ. ಹಾಗಿದ್ದರೂ ಆ ಇಂಗ್ಲಿಷಿನ ಹಿಂದೆ ಕನ್ನಡದ ಮೂಲವೊಂದಿದೆಯೆಂದು ಯಾರಾದರೂ ಕೇಳಬಹುದಾದ ಸ್ಥಳ ಅದಾಗಿತ್ತು. ಕಾಯಿದೆಗಳ ನಂತರ ಅದೇ ಮಾತುಗಳು ಸೆಟಲ್‌ಮೆಂಟ್ ಅಧಿಕಾರಿಯ ವರದಿಯಲ್ಲಿ ಪಾರಿಭಾಷಿಕ ಪದಗಳ ಪಟ್ಟಿಯಾಗಿ ಉಳಿದವು. ದಕ್ಷಿಣ ಕೆನರಾದಲ್ಲಿ ಸರ್ವೆ ಮತ್ತು ಸೆಟಲ್‌ಮೆಂಟು ತಡವಾಗಿ, ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ, ಮುಗಿದಾಗ ಕಾಸರಗೋಡಿನ ವರ್ಗದಾರನಿಗೆ ಉಳಿದಿದ್ದದ್ದು ಅರ್ಜಿಯ ದಾರಿಯೊಂದೇ.

ಚಾಲಗೇಣಿದಾರನ ಮಾತನ್ನು ಇಲ್ಲಿಯವರೆಗೆ ಎತ್ತಲಿಲ್ಲ, ಏಕೆಂದರೆ ಈ ವ್ಯಾಜ್ಯಗಳಲ್ಲಿ ಅವನು ಪಕ್ಷಗಾರನೇ ಅಲ್ಲ. ಮೂಲಗೇಣಿ ಸ್ಥಿರವಾದದ್ದರಿಂದ ಹೆಚ್ಚಿದ ಕಂದಾಯವನ್ನು ವರ್ಗದಾರ ಅವನ ಮೇಲೆ ಸುಲಭವಾಗಿ ಹೊರಿಸಲಾರ. ಚಾಲಗೇಣಿಗೆ ಅಂಥ ರಕ್ಷಣೆಯಿರಲಿಲ್ಲ. ಕೋರ್ಟಿನ ಬಾಗಿಲು ತೆರೆದಿದ್ದ ಕಾಲದಲ್ಲಿಯೂ ಅದು ತೆರೆದಿದ್ದದ್ದು ಭೂಮಾಲಿಕನಿಗೆ. ನ್ಯಾಯಾಲಯದ ಅಧಿಕಾರವನ್ನು ಮೊಟಕುಗೊಳಿಸಿದ್ದು ಎಲ್ಲ ಕಾಲದಲ್ಲಿಯೂ ಬಡವನಿಗೆ ಕೇಡಾಯಿತೆಂದು ಬರೆಯಲು ಈ ಕಾರಣದಿಂದ ನನ್ನ ಕೈ ಹಿಂಜರಿಯುತ್ತದೆ. ಸ್ವಾತಂತ್ರ್ಯಾನಂತರದ ಕಾಸರಗೋಡಿನ ಅನುಭವ ಈ ಹಿಂಜರಿಕೆಯನ್ನು ಇನ್ನಷ್ಟು ಬಲಪಡಿಸುತ್ತದೆ.

1781ರ ನಿರ್ಬಂಧ 1915ರ ಮತ್ತು 1935ರ ಭಾರತ ಸರ್ಕಾರ ಕಾಯಿದೆಗಳಲ್ಲಿಯೂ ಮುಂದುವರಿದಿತ್ತು. ಅದನ್ನು ಕೊನೆಗಾಣಿಸಿದ್ದು ಸಂವಿಧಾನದ 225ನೆಯ ವಿಧಿಯ ಉಪವಾಕ್ಯ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಕೂಡದೆಂಬ 265ನೆಯ ವಿಧಿಯೂ ರಿಟ್ ಅಧಿಕಾರ ಕೊಡುವ 226ನೆಯ ವಿಧಿಯೂ ಜೊತೆಗೂಡಿದಾಗ, ಸಿವಿಲ್ ದಾವೆಗೆ ಮುಚ್ಚಿದ್ದ ಬಾಗಿಲಿನ ಪಕ್ಕದಲ್ಲಿ ಹೊಸದೊಂದು ಬಾಗಿಲಾಯಿತು. ಅದರ ಮೊದಲ ದೊಡ್ಡ ಪರೀಕ್ಷೆಗಳಲ್ಲೊಂದು ಕೇರಳದಿಂದಲೇ ಬಂದಿತು. ತಿರುವಾಂಕೂರು-ಕೊಚ್ಚಿಯ 1955ರ ಭೂತೆರಿಗೆ ಕಾಯಿದೆಯನ್ನು 1957ರಲ್ಲಿ ಮಲಬಾರಿಗೂ, ರಾಜ್ಯ ಪುನರ್ವಿಂಗಡಣೆಯಲ್ಲಿ ಅದರೊಂದಿಗೆ ಸೇರಿಹೋಗಿದ್ದ ಕಾಸರಗೋಡಿಗೂ ವಿಸ್ತರಿಸಲಾಗಿತ್ತು. ದರ ಎಕರೆಗೆ ವರ್ಷಕ್ಕೆ 2 ರೂಪಾಯಿ. ಗದ್ದೆಯಾದರೂ ಅಷ್ಟೆ, ಬೋಳುಗುಡ್ಡವಾದರೂ ಅಷ್ಟೆ. ಪಾಲಕ್ಕಾಡಿನ ಕಡೆ ಸುಮಾರು 25,000 ಎಕರೆ ಕಾಡಿದ್ದ ಮೂಪಿಲ್ ನಾಯರರಿಗೆ ಆ ಕಾಡಿನಿಂದ ಬರುತ್ತಿದ್ದ ಉತ್ಪನ್ನ ವರ್ಷಕ್ಕೆ 3,100 ರೂಪಾಯಿ. ತೆರಿಗೆ ಬಂದದ್ದು ಐವತ್ತು ಸಾವಿರಕ್ಕೂ ಮೀರಿ. 1960ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಬಹುಮತ, ಮುಖ್ಯ ನ್ಯಾಯಮೂರ್ತಿ ಬಿ. ಪಿ. ಸಿನ್ಹಾ ಅವರ ತೀರ್ಪಿನ ಮೂಲಕ, ಸಮಾನತೆಯ ವಿಧಿ ತೆರಿಗೆ ಕಾನೂನಿಗೂ ಅನ್ವಯಿಸುತ್ತದೆಂದು ಹೇಳಿ ಆ ಕಾಯಿದೆಯನ್ನು ರದ್ದುಮಾಡಿತು. ತೆರಿಗೆ ನಿರ್ಧರಿಸುವ ಕ್ರಮವನ್ನಾಗಲಿ ಆಕ್ಷೇಪಕ್ಕೆ ಎಡೆಯನ್ನಾಗಲಿ ಅದರಲ್ಲಿ ಇಟ್ಟಿರಲಿಲ್ಲವೆಂಬುದೂ ಒಂದು ಕಾರಣ. ನ್ಯಾಯಮೂರ್ತಿ ಎ. ಕೆ. ಸರ್ಕಾರ್ ಭಿನ್ನಮತ ಬರೆದರು. ಮದ್ರಾಸಿನ 58ನೆಯ ಕಲಮು ನುಂಗಿದ್ದ ಪ್ರಶ್ನೆ ಸುಮಾರು ನೂರು ವರ್ಷಗಳ ಮೇಲೆ, ಬೇರೆ ಮಾತಿನಲ್ಲಿ, ಕೋರ್ಟಿನ ಮುಂದೆ ಮರಳಿ ಬಂದಂತಾಯಿತು.

ಒಂದು ವರ್ಷದ ಬಳಿಕ, 1961ರ ಡಿಸೆಂಬರಿನಲ್ಲಿ, ಕುಞಿಕೋಮನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಕೇರಳದ ಕೃಷಿ ಸಂಬಂಧಗಳ ಕಾಯಿದೆಯನ್ನು ಹೊಸದುರ್ಗ ಮತ್ತು ಕಾಸರಗೋಡು ತಾಲೂಕುಗಳ ರೈತವಾರಿ ಜಮೀನುಗಳ ಮಟ್ಟಿಗೆ ಅಸಿಂಧುವೆಂದಿತು. ಇದು ತೆರಿಗೆಯ ಪ್ರಕರಣವಲ್ಲ, ಆದರೆ ಹಿಂದಿನ ಕಥೆಯ ನೇರ ಫಲ. ದಕ್ಷಿಣ ಕೆನರಾದ ರೈತವಾರಿ ಪಟ್ಟಾ ಭೂಮಿ ಸಂವಿಧಾನದ 31ಎ ವಿಧಿಯ ಅರ್ಥದ 'ಎಸ್ಟೇಟ್' ಆಗದ್ದರಿಂದ ಆ ವಿಧಿಯ ರಕ್ಷಣೆ ಕಾಯಿದೆಗೆ ಸಿಗಲಿಲ್ಲ. ಚಹಾ, ಕಾಫಿ, ರಬ್ಬರಿಗೆ ತೋಟವೆಂಬ ರಿಯಾಯಿತಿ ಕೊಟ್ಟು ಅಡಿಕೆ ಮತ್ತು ಮೆಣಸಿನ ತೋಟಗಳನ್ನು ಹೊರಗಿಟ್ಟದ್ದು ತಾರತಮ್ಯವೆಂದೂ ನ್ಯಾಯಾಲಯ ಎಣಿಸಿತು. ಅಡಿಕೆಯ ನಾಡಿಗೆ ಈ ಮಾತು ಎಷ್ಟು ಹತ್ತಿರದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಪಾರ್ಲಿಮೆಂಟು 1964ರ ಹದಿನೇಳನೆಯ ತಿದ್ದುಪಡಿಯಲ್ಲಿ 'ಎಸ್ಟೇಟ್' ಎಂಬುದರೊಳಕ್ಕೆ ರೈತವಾರಿಯನ್ನೂ ಸೇರಿಸಿ, ಆ ಕಾಯಿದೆಯನ್ನು ಒಂಬತ್ತನೆಯ ಅನುಸೂಚಿಯಲ್ಲಿಟ್ಟು, ನ್ಯಾಯಾಲಯದ ಕೈಯನ್ನು ಮತ್ತೆ ಕಟ್ಟಿತು. ಈ ಬಾರಿ ಕಟ್ಟಿದ್ದು ಗೇಣಿದಾರನ ಪರವಾಗಿ. 1876ರ ಕಟ್ಟಿಗೂ ಇದಕ್ಕೂ ಕಾನೂನಿನ ರೂಪದಲ್ಲಿ ಹೋಲಿಕೆಯಿದೆ, ಫಲದಲ್ಲಿ ಇಲ್ಲ. ಒಂದನ್ನು ಮಾಡಿದ್ದು ಯಾರಿಗೂ ಉತ್ತರ ಹೇಳಬೇಕಾಗಿರದ ಸರ್ಕಾರ, ಇನ್ನೊಂದನ್ನು ಮಾಡಿದ್ದು ಚುನಾಯಿತ ಸಭೆ ಎಂಬ ವ್ಯತ್ಯಾಸವನ್ನೂ ಗಮನಿಸಬೇಕು.

ತೆರಿಗೆಯ ವಿಷಯದಲ್ಲಿ ಹಗ್ಗಜಗ್ಗಾಟ ಆಮೇಲೆಯೂ ನಿಲ್ಲಲಿಲ್ಲ. 1976ರ ನಲವತ್ತೆರಡನೆಯ ತಿದ್ದುಪಡಿ 323ಬಿ ವಿಧಿಯ ಮೂಲಕ ತೆರಿಗೆ ವಿವಾದಗಳನ್ನು ನ್ಯಾಯಮಂಡಳಿಗಳಿಗೆ ಒಪ್ಪಿಸಿ ಹೈಕೋರ್ಟುಗಳನ್ನು ಹೊರಗಿಡಲು ಅವಕಾಶ ಕಲ್ಪಿಸಿತು. ಆ ಹೊರಗಿಡುವಿಕೆ ಸಂವಿಧಾನದ ಮೂಲರಚನೆಗೆ ವಿರುದ್ಧವೆಂದು 1997ರ ಚಂದ್ರಕುಮಾರ್ ತೀರ್ಪು ಹೇಳಿತು. ಸಿವಿಲ್ ದಾವೆಯ ಬಾಗಿಲು ಮಾತ್ರ ಮುಚ್ಚಿಯೇ ಇದೆ. 2017ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 162ನೆಯ ಕಲಮನ್ನು 1864ರ 58ನೆಯದರ ಪಕ್ಕದಲ್ಲಿಟ್ಟು ಓದಿದರೆ ವಾಕ್ಯದ ಎಲುಬುಗೂಡು ಒಂದೇ ಎಂಬುದು ಕಾಣುತ್ತದೆ.

ಈ ವಿಷಯದಲ್ಲಿ ಕೆಲಸ ಮಾಡಬಯಸುವವರು 1875ರ ತೀರ್ಪಿನಿಂದ ಆರಂಭಿಸಬಹುದು. ಅದು ಇದುವರೆಗೆ ಓದಲ್ಪಟ್ಟದ್ದು ಹೆಚ್ಚಾಗಿ ವಕೀಲರಿಂದ. ಅಲ್ಲಿ ಇಂಗ್ಲಿಷ್ ಕಾಗುಣಿತದಲ್ಲಿ ಮುಖ ಮುಚ್ಚಿಕೊಂಡಿರುವ ಒಂದೊಂದು ಕಂದಾಯಪದವನ್ನೂ ಉಳಿದಿರುವ ಕಡತಗಳ ಬರಹದೊಂದಿಗೆ ಹೋಲಿಸಿ ನೋಡಬೇಕು. ಕಾಸರಗೋಡಿನ ಕಡೆಯಿಂದ ಅಂಥ ತೀರ್ಪು ಬರಲು ಕಾನೂನು ಬಿಡಲಿಲ್ಲವಾದ್ದರಿಂದ ಅಲ್ಲಿನ ವರ್ಗದಾರ ಏನು ವಾದಿಸುತ್ತಿದ್ದನೆಂಬುದನ್ನು ಕಂದಾಯ ಮಂಡಲಿಯ ನಡವಳಿಗಳಲ್ಲಿ, ಅಧಿಕಾರಿಗಳು ನಾಲ್ಕು ಸಾಲಿಗೆ ಇಳಿಸಿ ಬರೆದ ಅರ್ಜಿಗಳ ಸಾರಾಂಶಗಳಲ್ಲಿ ಹುಡುಕಬೇಕಾಗುತ್ತದೆ.